ಬೆಣ್ಣೆಯ ಬಣ್ಣ

ಮಾರ್ಚ್ 3

ಅಕ್ಕಾ,

ಮತ್ತೆ ಕೆಲಸ ಬಿಟ್ಟೆಯಾ ಅಂತ ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಬಿಟ್ಟೆ. ಬಟ್ಟೆ ಅಂಗಡಿಯಲ್ಲಿ ಒಬ್ಬರು, ಇದರ ಬಣ್ಣ ಹೋಗುತ್ತಾ ಅಂತ ಕೇಳಿದರು. ಹೋಗುತ್ತೆ ಅಂದೆ. ನಡೆದದ್ದು ಅಷ್ಟೇ. "ನಿನ್ನ ಸತ್ಯ ಗಂಟು ಕಟ್ಕೊಂಡು ಮನೆಗೆ ಹೋಗಮ್ಮ" ಅಂದರು ಯಜಮಾನರು. ಕಟ್ಟಿಕೊಂಡು ಬಂದೆ.

ಈಗ ಆರು ತಿಂಗಳ ಮಟ್ಟಿಗೆ ಇನ್ನೊಂದು ಸಿಕ್ಕಿದೆ. ಆರೋಗ್ಯ ಕೇಂದ್ರದವರು ಮನೆಮನೆಗೆ ಹೋಗಿ ಐದು ವರ್ಷದೊಳಗಿನ ಮಕ್ಕಳ ರಕ್ತ ನೋಡುತ್ತಿದ್ದಾರೆ. ಹತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟವಳನ್ನು ಯಾಕೆ ತೆಗೆದುಕೊಂಡರು ಅಂತೀಯಾ? ನರ್ಸಮ್ಮ ಕೇಳಿದ್ದು ಎರಡೇ ಪ್ರಶ್ನೆ. ಮಗು ಅತ್ತರೆ ಕೈ ನಡುಗುತ್ತಾ? ಕಂಡದ್ದನ್ನ ಕಂಡ ಹಾಗೆ ಬರೀತೀಯಾ? ಎರಡನೆಯದಕ್ಕೆ ನಾನು ಶಾಲೆ ಬಿಟ್ಟ ಕಥೆ ಹೇಳಿದೆ. ಕಾಪಿ ಹೊಡೆದವರೆಲ್ಲ ಎದ್ದು ನಿಲ್ಲಿ ಅಂದಾಗ ಇಡೀ ಕ್ಲಾಸಿನಲ್ಲಿ ನಾನೊಬ್ಬಳೇ ಎದ್ದದ್ದು, ಮತ್ತೆ ಕೂರಲು ಮನಸ್ಸಾಗದೆ ಹಾಗೇ ಮನೆಗೆ ನಡೆದದ್ದು. ಅವರು ನಗಲಿಲ್ಲ. "ನಾಳೆಯಿಂದ ಬಾ" ಅಂದರು.

ಕೆಲಸ ಹೀಗೆ. ಮಗುವಿನ ಬೆರಳನ್ನು ಉಜ್ಜಿ ಬೆಚ್ಚಗೆ ಮಾಡಬೇಕು. ಒಮ್ಮೆ ಚುಚ್ಚಬೇಕು. ಮೊದಲ ಹನಿ ಒರೆಸಿ ಬಿಸಾಡಬೇಕು, ಎರಡನೆಯದನ್ನು ಸಣ್ಣ ಪಟ್ಟಿಗೆ ಹಿಡಿದು ಯಂತ್ರದೊಳಗೆ ಇಡಬೇಕು. ರಕ್ತ ಬರಲಿಲ್ಲ ಅಂತ ಬೆರಳು ಹಿಂಡಬಾರದು, ಹಿಂಡಿದರೆ ನೀರು ಸೇರಿ ಲೆಕ್ಕ ತಪ್ಪುತ್ತದೆ. ಯಂತ್ರ ಒಂದು ಸಂಖ್ಯೆ ತೋರಿಸುತ್ತದೆ. ಹನ್ನೊಂದಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ರಕ್ತವೇ ಕಡಿಮೆ ಅಂತಲ್ಲವಂತೆ, ರಕ್ತದೊಳಗಿನ ಕೆಂಪು ಕಡಿಮೆ ಅಂತ. ಮೊದಲ ನೂರು ಮಕ್ಕಳಲ್ಲಿ ಐವತ್ತೆಂಟು ಮಕ್ಕಳದ್ದು ಕೆಳಗಿತ್ತು ಅಕ್ಕಾ. ಆಟ ಆಡಿಕೊಂಡೇ ಇದ್ದ ಮಕ್ಕಳು. ನಾನು ಯಂತ್ರ ಕೆಟ್ಟಿದೆ ಅಂದುಕೊಂಡೆ. ನರ್ಸಮ್ಮ ತಮ್ಮ ಬೆರಳನ್ನೇ ಚುಚ್ಚಿ ತೋರಿಸಿದರು, ಯಂತ್ರ ಸರಿಯಾಗೇ ಇತ್ತು.

ನಿನ್ನ ಮಗಳು ಬೆಣ್ಣೆ ಚೆನ್ನಾಗಿದ್ದಾಳೆ. ಗುಂಡಗೆ, ಬೆಳ್ಳಗೆ, ಹೆಸರಿಗೆ ತಕ್ಕ ಹಾಗೆ. ನಾನು ಕೆಲಸಕ್ಕೆ ಹೋದಾಗ ಮಹಡಿ ಅಜ್ಜಿ ನೋಡಿಕೊಳ್ಳುತ್ತಾರೆ. "ಇಂಥ ಮಗು ಹತ್ತಿದ್ರೂ ಸಾಕ್ತೀನಿ, ಕೂರಿಸಿದ ಕಡೆ ಕೂತಿರುತ್ತೆ" ಅನ್ನುತ್ತಾರೆ. ಕೈಗೆ ಹಾಲಿನ ಬಾಟಲಿ ಇದ್ದರೆ ಆಯಿತು. ಒಂದೇ ಕೆಟ್ಟ ಚಾಳಿ, ಗೋಡೆಯ ಸುಣ್ಣ ಕೆರೆದು ನೆಕ್ಕುತ್ತಾಳೆ. ಅಜ್ಜಿ ಅಲ್ಲಿಗೆ ಮಂಚ ಸರಿಸಿದ್ದಾರೆ.

ಫೋನಿನಲ್ಲಿ ಇದೆಲ್ಲ ಹೇಳಲಾಗಲ್ಲ. ನಿನ್ನ ಹಿಂದೆ ಸಾಲು ನಿಂತಿರುತ್ತದೆ, ಇಬ್ಬರೂ "ಊಟ ಆಯ್ತಾ, ಆಯ್ತು" ಅಂತ ಇಡುತ್ತೇವೆ.

ನಿನ್ನ ತಂಗಿ

*

ಮಾರ್ಚ್ 19

ನನ್ನ ಬಾಯಿಬಡುಕಿ,

ಈ ಕೆಲಸವನ್ನಾದರೂ ಆರು ತಿಂಗಳು ಮಾಡು. ಸೆಪ್ಟೆಂಬರಿಗೆ ನನಗೆ ರಜೆ ಸಿಗುತ್ತದೆ. ಅಷ್ಟರವರೆಗೆ ನಿನ್ನ ನಾಲಿಗೆಯನ್ನು ಹಲ್ಲಿನ ಹಿಂದೆ ಇಟ್ಟುಕೊಂಡಿರು.

ಇಲ್ಲಿ ಲಾಂಡ್ರಿಯಲ್ಲಿ ಒಗೆಯುವ ವಿಭಾಗದಿಂದ ನನ್ನನ್ನು ಇಸ್ತ್ರಿಗೆ ಹಾಕಿದ್ದಾರೆ. ಮಂಚದಷ್ಟು ಅಗಲದ ಬಿಸಿ ಉರುಳೆಗೆ ಇಬ್ಬರು ಆ ಕಡೆ ಈ ಕಡೆ ನಿಂತು ಚಾದರ ಕೊಡಬೇಕು. ಎಲ್ಲ ಆಸ್ಪತ್ರೆಯ ಚಾದರಗಳು. ರಕ್ತದ ಕಲೆ ಇದ್ದದ್ದನ್ನು ತಣ್ಣೀರಿಗೆ ಹಾಕಬೇಕು, ಗೊತ್ತಾ? ಬಿಸಿನೀರಿಗೆ ಬಿದ್ದರೆ ಕಲೆ ಕಚ್ಚಿಕೊಂಡುಬಿಡುತ್ತದೆ. ಹೊಸಬರೆಲ್ಲ ಮೊದಲ ವಾರ ಆ ತಪ್ಪು ಮಾಡುತ್ತಾರೆ. ಉಗಿಗೆ ಒಮ್ಮೊಮ್ಮೆ ತಲೆ ಸುತ್ತುತ್ತದೆ, ಅಷ್ಟೇ. ಬೇರೆ ಏನೂ ಇಲ್ಲ.

ಬೆಣ್ಣೆಯ ಫೋಟೋವನ್ನು ನನ್ನ ಮಂಚದ ಮೇಲಿನ ಹಲಗೆಗೆ ಅಂಟಿಸಿದ್ದೇನೆ. ಮಲಗಿದರೆ ಅವಳೇ ಕಾಣುತ್ತಾಳೆ. ಕೋಣೆಯಲ್ಲಿ ಹನ್ನೆರಡು ಜನ ಇದ್ದೇವೆ, ಎಲ್ಲರೂ ನೋಡಿ "ನಿನ್ನ ಮಗುನಾ? ನಿಜ ಹೇಳು" ಅಂತಾರೆ. ನಾನು "ಅವರಪ್ಪನ ಬಣ್ಣ" ಅನ್ನುತ್ತೇನೆ. ಹಾಗೆ ಅನ್ನುವಾಗಲೆಲ್ಲ ಅವರು ಎಲ್ಲೋ ಹತ್ತಿರದಲ್ಲೇ ಇದ್ದ ಹಾಗೆ ಅನಿಸುತ್ತದೆ. ಎರಡು ತಿಂಗಳ ಮಗುವನ್ನು ಬಿಟ್ಟು ತೀರಿಹೋದರು, ಒಂದು ಒಳ್ಳೆಯ ಫೋಟೋ ಸಹ ಇಲ್ಲ. ಈ ಬಣ್ಣವೊಂದನ್ನು ಇಟ್ಟು ಹೋಗಿದ್ದಾರೆ.

ಹಾಲಿಗೆ ಮಾತ್ರ ಕಡಿಮೆ ಮಾಡಬೇಡ. ಅವಳು ಕೇಳಿದಷ್ಟು ಕೊಡು. ನಾನು ಎದೆಹಾಲು ಬಿಡಿಸಿ ಬಂದವಳು, ಅದರ ಬದಲಿಗಾದರೂ ಹಾಲು ತುಂಬಿರಲಿ.

ಅಕ್ಕ

*

ಏಪ್ರಿಲ್ 2

ಅಕ್ಕಾ,

ಈ ವಾರ ನಮ್ಮ ಬೀದಿ ಮುಗಿಯಿತು. ಬೇಕರಿಯವರ ಅವಳಿಗಳು ಇಬ್ಬರೂ ನನ್ನ ಕೈ ಕಚ್ಚಿದರು, ಒಬ್ಬ ಚುಚ್ಚುವ ಮೊದಲು, ಇನ್ನೊಬ್ಬ ಆಮೇಲೆ. ಇಬ್ಬರದ್ದೂ ಒಂಬತ್ತೂವರೆ.

ಬೆಣ್ಣೆಯದು 11.8.

ಬಹಳ ಕೆಲಸ ಇದೆ. ಮತ್ತೆ ಬರೆಯುತ್ತೇನೆ.

ತಂಗಿ

*

ಏಪ್ರಿಲ್ 15

ನನ್ನ ಬಂಗಾರ,

ನಿನ್ನ ಕಾಗದ ಇಷ್ಟು ಚಿಕ್ಕದಾಗಿದ್ದರೂ ನಾನು ಹತ್ತು ಸಲ ಓದಿದೆ. ಫೋಟೋದ ಕೆಳಗೆ 11.8 ಅಂತ ದೊಡ್ಡದಾಗಿ ಬರೆದಿದ್ದೇನೆ. ಪಕ್ಕದ ಮಂಚದವಳು "ಇದೇನು, ಮಗುವಿನ ತೂಕವಾ?" ಅಂದಳು. "ರಕ್ತ! ಬೀದಿಯಲ್ಲೆಲ್ಲ ಇವಳದೇ ಮೇಲು" ಅಂದೆ. ಸ್ವಲ್ಪ ಉಬ್ಬಿಸಿ ಹೇಳಿದೆ, ನಿನಗೆ ಕೋಪ ಬರುತ್ತದೆ, ಬರಲಿ.

ನನಗೊಂದು ಹೆದರಿಕೆ ಇತ್ತು ಕಣೇ. ಯಾಕೆ ಅಂತ ಕೇಳಬೇಡ. ಈಗ ಹೋಯಿತು. ನೀನು ಬರೆದ ಸಂಖ್ಯೆ ಅಂದರೆ ನನಗೆ ಕಲ್ಲಿನ ಮೇಲೆ ಬರೆದ ಹಾಗೆ.

ಅಕ್ಕ

*

ಏಪ್ರಿಲ್ 24

ಅಕ್ಕಾ,

ಕೂತು ಓದು.

11.8 ಸುಳ್ಳು. ನಾನು ಬೆಣ್ಣೆಗೆ ಚುಚ್ಚಲೇ ಇಲ್ಲ. ಅವತ್ತು ನಾಲ್ಕು ಗಂಟೆಯೊಳಗೆ ಹಾಳೆ ತುಂಬಿಸಿ ಕೊಡಬೇಕಿತ್ತು. ನಮ್ಮ ಮನೆಗೆ ಬರುವಾಗ ಅವಳು ಬಾಟಲಿ ಬಾಯಲ್ಲಿ ಇಟ್ಟುಕೊಂಡೇ ನಿದ್ದೆ ಹೋಗಿದ್ದಳು. ಊರವರ ಮಕ್ಕಳಿಗೆಲ್ಲ ಚುಚ್ಚಿದ ಕೈಗೆ ನಮ್ಮ ಮಗುವಿಗೆ ಚುಚ್ಚಲು ಬರಲಿಲ್ಲ. ಇಷ್ಟು ದುಂಡಗಿದ್ದಾಳೆ, ಇವಳಿಗೇನಾಗಿದೆ ಅಂತ ಒಂದು ಸಂಖ್ಯೆ ಬರೆದೆ. ಹನ್ನೆರಡು ಅಂತ ಬರೆದರೆ ಅನುಮಾನ ಬರುತ್ತೆ ಅಂತ ಬೇಕೆಂದೇ ಹನ್ನೊಂದರ ಮುಂದೆ ಎಂಟು ಹಾಕಿದೆ. ಸುಳ್ಳು ಹೇಳಲು ಬರದವಳು ಎಷ್ಟು ಚೆನ್ನಾಗಿ ಹೇಳಿದೆ ನೋಡು.

ಮೊನ್ನೆ ಬೇರೆ ಬೀದಿಯಲ್ಲಿ ಒಂದು ಮಗು ಸಿಕ್ಕಿತು. ಗುಂಡು ಕೆನ್ನೆ, ಮೇಣದ ಹಾಗೆ ಬಿಳಿ, ಕೈಯಲ್ಲಿ ಬಾಟಲಿ. ಮೂಲೆಯ ಗೋಡೆಯಲ್ಲಿ ಉಗುರಿನ ಗುರುತು. ಅವರಮ್ಮ ನಗುತ್ತಾ "ಊಟನೇ ಬೇಡ ಇವನಿಗೆ, ಹಾಲಿದ್ರೆ ಸಾಕು, ಪಾಪದ ಮಗು" ಅಂದರು. ನರ್ಸಮ್ಮ ಮಗುವಿನ ಕೆಳರೆಪ್ಪೆಯನ್ನು ಬೆರಳಲ್ಲಿ ಕೆಳಗೆಳೆದರು. ಒಳಗೆ ಕೆಂಪಗಿರಬೇಕಾದದ್ದು ಕಾಗದದ ಹಾಗಿತ್ತು. ಯಂತ್ರದಲ್ಲಿ 6.4.

ನಾನು ಯಂತ್ರದ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ. ಬೆಣ್ಣೆಯ ರೆಪ್ಪೆ ಎಳೆದು ನೋಡಿದೆ. ಮತ್ತೆ ಅವಳನ್ನು ಎತ್ತಿಕೊಂಡು ವಾಪಸ್ ಓಡಿದೆ. ದಾರಿಯಲ್ಲಿ ಅವಳು ಅಳಲೇ ಇಲ್ಲ. ಚುಚ್ಚುವಾಗಲೂ ಸ್ವಲ್ಪ ಮುಖ ಕಿವಿಚಿದಳು, ಅಷ್ಟೇ. ಇದನ್ನೇ ನಾವು ಒಳ್ಳೆಯ ಮಗು ಅನ್ನುತ್ತಿದ್ದೆವು. ಅಳುವುದಕ್ಕೂ ತ್ರಾಣ ಇರಲಿಲ್ಲ ಅಕ್ಕಾ.

6.1.

ಅದು ಭಾವನ ಬಣ್ಣ ಅಲ್ಲ. ಬಣ್ಣವೇ ಅಲ್ಲ. ಕೆಂಪು ಇಲ್ಲದ್ದು.

ಡಾಕ್ಟರಮ್ಮ ಎದೆ ಬಡಿತ ನೋಡಿ, ಉಸಿರು ನೋಡಿ, ಸದ್ಯಕ್ಕೆ ರಕ್ತ ಹಾಕುವುದು ಬೇಡ, ಔಷಧಿ ಕೊಡೋಣ, ಪ್ರತಿವಾರ ತೋರಿಸು, ಏದುಸಿರು ಬಂದರೆ ಆ ಕ್ಷಣ ಕರೆದುಕೊಂಡು ಬಾ ಅಂದರು. ಕಾರಣ ಕೇಳಿದೆ. ಹಾಲಲ್ಲಿ ಎಲ್ಲಾ ಇದೆ ಅಂದುಕೊಂಡಿರುತ್ತೇವೆ, ಕಬ್ಬಿಣದ ಅಂಶ ಮಾತ್ರ ಇಲ್ಲವೇನೋ ಅನ್ನುವಷ್ಟು ಕಡಿಮೆಯಂತೆ. ಹೊಟ್ಟೆ ಹಾಲಲ್ಲೇ ತುಂಬಿದರೆ ಮಗು ಬೇರೆ ಏನೂ ತಿನ್ನುವುದಿಲ್ಲ. ಅಜ್ಜಿ ಬ್ರೆಡ್ಡನ್ನು ಚಹಾಕ್ಕೆ ಅದ್ದಿ ತಿನ್ನಿಸುತ್ತಿದ್ದರು, ತಿಂದ ಅಲ್ಪಸ್ವಲ್ಪ ಕಬ್ಬಿಣವನ್ನೂ ಚಹಾ ಮೈಗೆ ಹತ್ತಲು ಬಿಡುವುದಿಲ್ಲವಂತೆ. ಹೊಟ್ಟೆಹುಳ ಇದ್ದರೂ ಹೀಗಾಗಬಹುದು ಅಂತ ಅದಕ್ಕೂ ಮಾತ್ರೆ ಕೊಟ್ಟರು. ಗೋಡೆ ನೆಕ್ಕುವುದೂ ಚಾಳಿ ಅಲ್ಲ, ಇದರದ್ದೇ ಗುರುತು.

ಹುಟ್ಟುವಾಗ ಮಗು ತಾಯಿಯಿಂದ ಆರು ತಿಂಗಳಿಗಾಗುವಷ್ಟು ಕಬ್ಬಿಣ ತಂದಿರುತ್ತದಂತೆ. "ತಾಯಿ ಬಸುರಿಯಾಗಿದ್ದಾಗ ಕಬ್ಬಿಣದ ಮಾತ್ರೆ ತಗೊಂಡಿದ್ರಾ?" ಅಂತ ಕೇಳಿದರು. ನಮ್ಮಕ್ಕ ಒಂದು ದಿನವೂ ತಪ್ಪಿಸಿಲ್ಲ, ಡಬ್ಬಿ ಖಾಲಿಯಾಗುತ್ತಿದ್ದದ್ದನ್ನು ನಾನೇ ನೋಡಿದ್ದೇನೆ ಅಂದೆ.

ನರ್ಸಮ್ಮನಿಗೆ 11.8ರ ವಿಷಯವನ್ನೂ ಹೇಳಿದೆ. ಬೈಯಲಿಲ್ಲ. ಪೆಟ್ಟಿಗೆ ಕಿತ್ತುಕೊಂಡರು. ನಾನು ಬರೆದ ಅಷ್ಟೂ ಮನೆಗಳಿಗೆ ಈಗ ಅವರು ಮತ್ತೆ ಹೋಗುತ್ತಿದ್ದಾರೆ, ನಾನು ಹಿಂದೆ ಚೀಲ ಹೊರುತ್ತಿದ್ದೇನೆ. ಬೇರೆ ಯಾವುದೂ ಸುಳ್ಳಿಲ್ಲ ಅಂತ ನಾನು ಹೇಳಿದರೆ ಇನ್ನು ಯಾರು ನಂಬುತ್ತಾರೆ?

ನೀನು ಬರೆ. ಬೈದಾದರೂ ಬರೆ.

ತಂಗಿ

*

ಮೇ 10

ಅಕ್ಕಾ,

ನಿನ್ನ ಕಾಗದ ಬಂದಿಲ್ಲ. ಎರಡು ಸಲ ಫೋನ್ ಮಾಡಿದೆ, ಪಾಳಿಯಲ್ಲಿದ್ದಾಳೆ ಅಂದರು.

ದಿನಕ್ಕೆ ಎರಡು ಲೋಟದ ಮೇಲೆ ಹಾಲಿಲ್ಲ. ಬಾಟಲಿಯನ್ನು ಅಜ್ಜಿಯೇ ಬಿಸಾಡಿದರು. ಆಮೇಲೆ ಮೆಟ್ಟಿಲ ಮೇಲೆ ಕೂತು "ನನ್ನ ಕೈಯ್ಯಾರೆ ಚಹಾ ಹಾಕ್ದೆನಲ್ಲೇ" ಅಂತ ಅತ್ತರು. ಮೊದಲ ಮೂರು ದಿನ ಬೆಣ್ಣೆ ಏನೂ ತಿನ್ನಲಿಲ್ಲ. ಬಾಟಲಿ ಇದ್ದ ಜಾಗ ನೋಡುತ್ತಾ ಕೂತಳು. ನಾಲ್ಕನೆಯ ದಿನ ಅರ್ಧ ಮೊಟ್ಟೆ. ಆರನೆಯ ದಿನ ಬೇಯಿಸಿದ ಕಾಳನ್ನು ಹಿಸುಕಿ ಕೊಟ್ಟರೆ ಅದರಲ್ಲಿ ಅರ್ಧ ನನ್ನ ಮುಖಕ್ಕೆ, ಅರ್ಧ ಅವಳ ಬಾಯಿಗೆ.

ಔಷಧಿ ತುಕ್ಕಿನ ವಾಸನೆ. ಹಾಲಿನ ಜೊತೆ ಕೊಡಬಾರದು, ಹಣ್ಣಿನ ರಸದ ಜೊತೆ ಕೊಡಬೇಕು. ಮಲ ಕಪ್ಪಗಾಗುತ್ತದೆ. ಮೊದಲೇ ಹೇಳಿದ್ದರೂ ನಾನು ಹೆದರಿ ಕಾಗದದಲ್ಲಿ ಕಟ್ಟಿಕೊಂಡು ಡಾಕ್ಟರಮ್ಮನ ಹತ್ತಿರ ಓಡಿದೆ. ಅವರು ಬಿಚ್ಚಿ ನೋಡಿ "ಇದನ್ನ ಇಲ್ಲಿಗ್ಯಾಕೆ ತಂದ್ಯೇ ತಾಯಿ!" ಅಂದರು. ಇದನ್ನು ಓದಿ ನೀನು ನಗಬೇಕು ಅಂತ ಬರೆದಿದ್ದೇನೆ.

7.0 ಆಗಿದೆ.

ತಂಗಿ

*

ಮೇ 23

ಅಕ್ಕಾ,

7.9.

ಸಾಯಂಕಾಲ ಕೆಲಸ ಮುಗಿಸಿ ಬಂದು ಬೀಗ ತೆಗೆಯುವಾಗ, ಬಾಗಿಲ ಕೆಳಗೆ ಕಾಗದ ಬಿದ್ದಿದೆಯಾ ಅಂತ ಮೊದಲು ಕಾಲಲ್ಲಿ ತಡವುತ್ತೇನೆ. ಕಣ್ಣಲ್ಲಿ ನೋಡಲು ಧೈರ್ಯ ಇಲ್ಲ.

ತಂಗಿ

*

ಮೇ 30

ನಿನ್ನ ಮೂರೂ ಕಾಗದ ತಲುಪಿವೆ.

ನಾನು ಕೊಡು ಅಂದ ಹಾಲೇ ಮಗುವಿಗೆ ಮುಳುವಾಯಿತು ಅಂತ ನಿನ್ನ ಡಾಕ್ಟರಮ್ಮ ಹೇಳಿದರು, ನೀನು ಬರೆದುಬಿಟ್ಟೆ. ಬರೆಯುವುದಕ್ಕೆ ನಿನಗೇನು. ನಿನಗೆ ಸತ್ಯ ಹೇಳಿದರೆ ಮೈ ಹಗುರ ಆಗುತ್ತದೆ. ಅದು ಬಂದು ಬೀಳುವುದು ಯಾರ ತಲೆ ಮೇಲೆ ಅಂತ ಯೋಚಿಸಿದ್ದೀಯಾ? ಹನ್ನೆರಡು ಜನರ ಕೋಣೆಯಲ್ಲಿ ನಾನು ಎಲ್ಲಿ ಕೂತು ಅಳಲಿ?

ಅವರ ಬಣ್ಣವನ್ನೂ ಕಿತ್ತುಕೊಂಡೆ.

ಔಷಧಿ ತಪ್ಪಿಸಬೇಡ.

*

ಜೂನ್ 8

ತಂಗೀ,

ಹೋದ ಕಾಗದವನ್ನು ಹರಿದು ಹಾಕು. ಅದನ್ನು ಅಂಚೆ ಪೆಟ್ಟಿಗೆಗೆ ಹಾಕಿದ ಮೇಲೆ ಅಂಚೆಯವನು ಬರುವವರೆಗೂ ಅಲ್ಲೇ ನಿಂತಿದ್ದೆ, ವಾಪಸ್ ಕೇಳೋಣ ಅಂತ. ಕೊಡಲಿಲ್ಲ.

ನನಗೆ ನಿನ್ನ ಮೇಲೆ ಕೋಪ ಇರಲಿಲ್ಲ. ನಿನ್ನ ಕಾಗದದಲ್ಲಿ ಹಾಲಿನ ಮಾತು ಓದಿದೆ, ಸಹಿಸಿಕೊಂಡೆ. ಸುಳ್ಳಿನ ಮಾತು ಓದಿದೆ, ಅದನ್ನೂ ಸಹಿಸಿಕೊಂಡೆ. "ನಮ್ಮಕ್ಕ ಒಂದು ದಿನವೂ ತಪ್ಪಿಸಿಲ್ಲ" ಅಂತ ಹೇಳಿದೆಯಲ್ಲ, ಅದನ್ನು ಮಾತ್ರ ಸಹಿಸಲಾಗಲಿಲ್ಲ.

ನಾನು ಆ ಮಾತ್ರೆ ತಿನ್ನಲಿಲ್ಲ ಕಣೇ. ಮೊದಲ ವಾರ ತಿಂದೆ. ವಾಕರಿಕೆ, ಹೊಟ್ಟೆ ಕಟ್ಟುವುದು. ಆಮೇಲೆ ದಿನಕ್ಕೊಂದರಂತೆ ಕಿಟಕಿಯ ಹೂಕುಂಡದಲ್ಲಿ ಬೆರಳಿಂದ ಒತ್ತಿ ಹೂತೆ. ನೀನೂ ಅವರೂ ಡಬ್ಬಿ ನೋಡಿ ಖುಷಿಪಡುತ್ತಿದ್ದಿರಿ. "ಅಕ್ಕನ ಕೈಗುಣ, ಗಿಡ ಹೇಗೆ ಬಂದಿದೆ ನೋಡು" ಅಂತ ನೀನು ಹೊಗಳಿದ್ದೆ, ನೆನಪಿದೆಯಾ? ನಾನು ನಕ್ಕಿದ್ದೆ. ಆರನೆಯ ತಿಂಗಳಲ್ಲಿ ನಿಮ್ಮ ರಕ್ತ ಕಡಿಮೆ ಇದೆ ಅಂದರು, ಯಾರಿಗೂ ಹೇಳಲಿಲ್ಲ. ಮಗು ಐದು ವಾರ ಮುಂಚೆ ಬಂತು. ಅವಳು ನನ್ನಿಂದ ತರಬೇಕಾಗಿದ್ದನ್ನು ತರಲೇ ಇಲ್ಲ. ಇದೇ ನನ್ನ ಹೆದರಿಕೆ. ಅದಕ್ಕೇ ಹಾಲು, ಇನ್ನೂ ಹಾಲು ಅಂತ ಬಡಕೊಂಡದ್ದು.

ಇನ್ನೊಂದು. ಮಾರ್ಚ್‌ನಲ್ಲಿ, ಇಸ್ತ್ರಿಗೆ ಹಾಕಿದ ಮೊದಲ ವಾರವೇ, ಉರುಳೆಯ ಮುಂದೆ ಬಿದ್ದೆ. ಎದುರಿನವಳು ಚಾದರ ಎಳೆದು ಹಿಡಿಯದಿದ್ದರೆ ಕೈ ಒಳಗೆ ಹೋಗುತ್ತಿತ್ತು. ಆಗ ಮೇಸ್ತ್ರಿಯಮ್ಮ ಕರೆದುಕೊಂಡು ಹೋಗಿ ತೋರಿಸಿದರು. ನನ್ನದು 7.6. ಆಗಲೂ ಮಾತ್ರೆ ಕೊಟ್ಟರು. ಅದನ್ನೂ ತಿಂದಿರಲಿಲ್ಲ. ನಿನ್ನ ಮೇ ಹತ್ತರ ಕಾಗದ ಬಂದ ದಿನ ಶುರುಮಾಡಿದೆ. ಅವಳು ಅಲ್ಲಿ ತುಕ್ಕು ಕುಡಿಯುವ ಹೊತ್ತಿಗೆ ನಾನು ಇಲ್ಲಿ ನುಂಗುತ್ತೇನೆ. ಇಲ್ಲಿ ಹೂಕುಂಡ ಇಲ್ಲ.

ಫೋಟೋದ ಕೆಳಗಿನ ಸಂಖ್ಯೆ ಅಳಿಸಿದ್ದೇನೆ.

ಒಂದು ಕೇಳುತ್ತೇನೆ, ಇದಕ್ಕೆ ಮಾತ್ರ ನಿನ್ನ ಹಳೆಯ ನಾಲಿಗೆಯಲ್ಲೇ ಉತ್ತರ ಕೊಡು. ಅವಳು ನಿನ್ನನ್ನು ಏನಂತ ಕರೆಯುತ್ತಾಳೆ?

ಅಕ್ಕ

*

ಜುಲೈ 20

ಅಕ್ಕಾ,

ಉತ್ತರ ತಡವಾಯಿತು. ನೀನು ಕೊನೆಗೆ ಕೇಳಿದ್ದರ ಮುಂದೆ ಒಂದು ತಿಂಗಳು ಕೂತಿದ್ದೆ. ನೀನು ಯಾಕೆ ಸುಮ್ಮನಿದ್ದೆ ಅಂತ ಆಗ ಅರ್ಥವಾಯಿತು.

ಅಮ್ಮ ಅಂತ ಕರೆಯುತ್ತಾಳೆ. ಚಳಿಗಾಲದಿಂದಲೂ. ಮೊದಮೊದಲು "ಚಿಕ್ಕಿ ಅನ್ನು" ಅಂತ ತಿದ್ದುತ್ತಿದ್ದೆ. ಏಪ್ರಿಲ್‌ನಲ್ಲಿ ಅವಳಿಗೆ ಬಾಯಿ ತೆರೆಯುವುದೇ ಭಾರವಾಗಿದ್ದಾಗ ಏನು ಕರೆದರೂ ಸಾಕು ಅನಿಸಿತು, ಬಿಟ್ಟೆ. ಈಗ ದಿನಕ್ಕೆ ನೂರು ಸಲ ಕರೆಯುತ್ತಾಳೆ. ನೂರು ಸಲವೂ ನಿನ್ನದನ್ನು ಕದ್ದ ಹಾಗಾಗುತ್ತದೆ, ಆದರೂ ಓ ಅನ್ನುತ್ತೇನೆ.

ಹೂಕುಂಡವನ್ನು ಕೆದಕಿ ನೋಡಿದೆ. ಏನೂ ಉಳಿದಿಲ್ಲ, ಬರೀ ಮಣ್ಣು. ನರ್ಸಮ್ಮನಿಗೆ ನಿನ್ನ ವಿಷಯ ಹೇಳಿದೆ, ಕ್ಷಮಿಸು, ನಾನೊಂದು ತಪ್ಪು ಹೇಳಿಕೆ ಕೊಟ್ಟಿದ್ದೆನಲ್ಲ, ತಿದ್ದಬೇಕಿತ್ತು. ಅವರು ಬರೆದುಕೊಂಡು, "ಮಾತ್ರೆ ನುಂಗೋಕ್ಕಾಗದೆ ಬಿಟ್ಟವರು ನಿಮ್ಮಕ್ಕ ಒಬ್ಬರೇ ಅಂದ್ಕೊಂಡ್ಯಾ? ಅದಕ್ಕೇ ನಮ್ಮ ಹಾಳೇಲಿ ಇಷ್ಟು ಮಕ್ಕಳು" ಅಂದರು. ಊಟ ಆದ ಮೇಲೆ ನುಂಗಿದರೆ ವಾಕರಿಕೆ ಕಡಿಮೆಯಂತೆ, ನಿನಗೆ ಹೇಳಲು ಹೇಳಿದರು. ಆಮೇಲೆ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು. ನಾನು ಕೇಳಿರಲಿಲ್ಲ.

ಇವತ್ತು ಅವಳದನ್ನು ನಾನೇ ನೋಡಿದೆ. ಮೂರು ಮನೆ ಆಚೆಗೂ ಕೇಳುವ ಹಾಗೆ ಕಿರುಚಿದಳು, ಒದ್ದಳು, ಪಟ್ಟಿಗಳ ಡಬ್ಬಿ ಬೀಳಿಸಿದಳು. ಮಹಡಿ ಅಜ್ಜಿ "ಇಂಥ ಮಗು ಒಂದಿದ್ರೂ ಸಾಕಪ್ಪ" ಅಂತ ಸೊಂಟ ಹಿಡಿದುಕೊಂಡು ಕೂತರು. 10.9 ಬಂತು. "ಹನ್ನೊಂದು ಅಂತ ಬರೆದುಬಿಡೇ, ಆ ಹುಡುಗಿ ಅಲ್ಲಿ ಒಂದು ಹೊತ್ತು ನೆಮ್ಮದಿಯಾಗಿ ಮಲಗಲಿ" ಅಂದರು ಅಜ್ಜಿ. ನನ್ನ ಪೆನ್ನೂ ಒಂದು ಗಳಿಗೆ ನಿಂತಿತು, ಸುಳ್ಳು ಹೇಳುವುದಿಲ್ಲ.

10.9 ಅಕ್ಕಾ. ಔಷಧಿ ಇನ್ನೂ ಮೂರು ತಿಂಗಳು ಕೊಡಬೇಕು.

ಈಗ ಯಾರೂ ಅವಳನ್ನು ಬೆಣ್ಣೆ ಅನ್ನುವುದಿಲ್ಲ. ನಮ್ಮಿಬ್ಬರ ಬಣ್ಣಕ್ಕೆ ತಿರುಗಿದ್ದಾಳೆ, ಬಿಸಿಲಲ್ಲಿ ನಿನಗಿಂತ ಒಂದು ಕೈ ಹೆಚ್ಚೇ. ಭಾವನದು ಅಂತ ನೀನು ಇಟ್ಟುಕೊಂಡಿದ್ದು ಹೋಯಿತು. ಆದರೆ ಒಂದು ಹೇಳಬೇಕು. ಅವಳು ಚಮಚ ಹಿಡಿಯುವುದು ಎಡಗೈಯಲ್ಲಿ. ಬಲಗೈಗೆ ಕೊಟ್ಟರೂ ಎಡಕ್ಕೆ ಬದಲಿಸುತ್ತಾಳೆ. ಭಾವ ಎಡಗೈಯಲ್ಲೇ ಬರೆಯುತ್ತಿದ್ದರಲ್ಲ, ಮೇಜಿನ ಮೇಲೆ ನಿನ್ನ ಮೊಣಕೈಗೆ ಅವರ ಮೊಣಕೈ ತಾಗಿ ಇಬ್ಬರೂ ಜಗಳ ಆಡುತ್ತಿದ್ದಿರಲ್ಲ. ಇದು ನಮಗೆ ಇಷ್ಟು ದಿನ ಗೊತ್ತೇ ಆಗಲಿಲ್ಲ. ಬಾಟಲಿಯನ್ನು ಅವಳು ಎರಡೂ ಕೈಯಲ್ಲಿ ಹಿಡಿಯುತ್ತಿದ್ದಳು.

ಸೆಪ್ಟೆಂಬರಿನಲ್ಲಿ ನೀನು ಬರುವ ದಿನ ನಿಲ್ದಾಣಕ್ಕೆ ಕರೆದುಕೊಂಡು ಬರುತ್ತೇನೆ. ಮೊದಲು ಅವಳು ನಿನ್ನ ಹತ್ತಿರ ಬರುವುದಿಲ್ಲ, ಇದನ್ನು ಈಗಲೇ ಹೇಳಿಬಿಡುತ್ತೇನೆ. ನೀನು ಫೋಟೋ ಹಿಡಿದುಕೊಂಡು ಬೆಳ್ಳಗಿರುವ ಮಗುವನ್ನು ಹುಡುಕಬೇಡ. ಕಪ್ಪಗೆ, ಕೈ ಕೊಸರಿಕೊಂಡು ಓಡುತ್ತಿರುವುದನ್ನು ನೋಡು. ಅದರ ಹಿಂದೆ ಓಡುತ್ತಿರುವವಳು ನಾನು.

ನಿನ್ನ ತಂಗಿ